ಗಾಳದ ಕೋಲಿನ ಬೆಲೆ

ವ್ಯಾಕರಣವನ್ನೂ ಕಾವ್ಯವನ್ನೂ ಬೋಧಿಸಿ ನಿವೃತ್ತನಾದ ಉಪಾಧ್ಯಾಯನೊಬ್ಬನು ಗಾಳದ ಕೋಲನ್ನು ಕುರಿತು ಬರೆಯಹೊರಟರೆ ವಾಚಕ ಮಹಾಶಯರು ಹುಬ್ಬೇರಿಸುವುದು ಸಹಜವೇ ಸರಿ. ಮೀನಿಗೂ ನನಗೂ ಇದ್ದ ಸಂಬಂಧವು ಮೊನ್ನೆ ಮೊನ್ನೆಯವರೆಗೆ ಅತ್ಯಲ್ಪವಾದುದು. ಬಾಲ್ಯದಲ್ಲಿ ಶೃಂಗೇರಿಯಲ್ಲಿ ಓದುತ್ತಿದ್ದಾಗ ತುಂಗೆಯ ಸೋಪಾನಗಳ ಮೇಲೆ ಕುಳಿತು, ದೇವರ ಮೀನುಗಳೆಂದು ಜನರು ತಲತಲಾಂತರದಿಂದ ಕಾಪಾಡಿಕೊಂಡು ಬಂದಿರುವ ಆ ದೊಡ್ಡ ಮೀನುಗಳಿಗೆ ಮಂಡಕ್ಕಿ ಎರಚಿದುದುಂಟು. ಮುಂದೆ ‘ಮೀನಾಕ್ಷಿ’ ಎಂಬ ಪದಕ್ಕೆ ನೂರಾರು ಮಕ್ಕಳಿಗೆ ವಿಗ್ರಹವಾಕ್ಯ ಹೇಳಿಕೊಟ್ಟುದುಂಟು. ಇಷ್ಟೇ ನನ್ನ ಮತ್ಸ್ಯಶಾಸ್ತ್ರ.

ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮಗಳ ಮಗ, ಹದಿಮೂರು ವರ್ಷದವನು, “ಅಜ್ಜ, ನನಗೊಂದು ಗಾಳದ ಕೋಲು, ಒಂದು ರೀಲು ಕೊಡಿಸಿ” ಎಂದು ಕೇಳಿದನು. ಸಾಮಾನ್ಯವಾಗಿ ಏನನ್ನೂ ಬಾಯಿಬಿಟ್ಟು ಕೇಳದ ಹುಡುಗ. ಇಡೀ ದಿನ ಕೋಣೆಯಲ್ಲಿ ಕುಳಿತಿರುವವನು ಕೆರೆಯ ಏರಿಯ ಮೇಲೆ ಗಾಳಿಗೆ ಕುಳಿತರೆ ಒಳ್ಳೆಯದಲ್ಲವೆ ಎಂದು ನಾನು ಒಪ್ಪಿಬಿಟ್ಟೆ. ಆಮೇಲೆ ಅವನು ಫೋನಿನ ಪರದೆಯ ಮೇಲೆ ತೋರಿಸಿದ ಕೋಲು ಮತ್ತು ರೀಲುಗಳ ಬೆಲೆಯನ್ನು ಕೂಡಿಸಿ ನೋಡಿದೆ: 18,000 ರೂಪಾಯಿ! ನನ್ನ ನಿವೃತ್ತಿವೇತನದಲ್ಲಿ ಔಷಧ, ಹಾಲು, ಪುಸ್ತಕ ಇವುಗಳನ್ನು ಕಳೆದು ಈ ಬಾಬತ್ತಿಗೆ ನಾನು ತೆಗೆದಿಡಬಹುದಾದುದು 3,000.

ಮನೆಯಾಕೆಯ ಆಕ್ಷೇಪವು ಹಣದ್ದಲ್ಲ. “ನಮ್ಮ ಮನೆಗೆ ಗಾಳ ಬರುವುದೆ?” ಎಂದಳು. ನಾನು ಪಂಡಿತನ ಸ್ವಭಾವಕ್ಕೆ ಅನುಸಾರವಾಗಿ ಗ್ರಂಥವನ್ನು ಮುಂದೊಡ್ಡಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ, ಮೀನಿನ ಜಾತಿಗಳು, ಅವುಗಳ ಆಹಾರ, ಗಾಳ, ದಾರ, ಕೋಲು ಇವೆಲ್ಲವೂ ಅಲ್ಲಿ ಸಂಸ್ಕೃತ ಶ್ಲೋಕಗಳಲ್ಲಿ ವರ್ಣಿತವಾಗಿವೆ ಎಂದೆ. “ದೊರೆಯ ವಿನೋದ ದೊರೆಗೆ. ಹಿಡಿದದ್ದನ್ನು ನೀರಿಗೇ ಬಿಡುವುದಾದರೆ ಕೊಡಿಸಿ” ಎಂದು ಆಕೆ ತೀರ್ಪಿತ್ತಳು. ಮೊಮ್ಮಗನು ಒಪ್ಪಿಕೊಂಡನು.

ಇಷ್ಟರಮೇಲೂ ನನ್ನ ಕಾಲು ಹಿಂದೆಗೆಯುತ್ತಿತ್ತು. ನಮ್ಮೂರಿನಲ್ಲಿ ಗಾಳದ ಸಾಮಾನು ಮಾರುವ ಅಂಗಡಿ ಒಂದೇ ಒಂದು. ಅದರ ಯಜಮಾನನು ನನ್ನ ಹಳೆಯ ವಿದ್ಯಾರ್ಥಿ. 1987ರಲ್ಲಿ, ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದಾಗ, ಅವನು ವಾರಕ್ಕೆರಡು ದಿನ ತರಗತಿಗೆ ತಡವಾಗಿ ಬರುತ್ತಿದ್ದನು. ಒಂದು ಬೆಳಗ್ಗೆ ಅವನು ಶಾಲೆಯ ಗೋಡೆಗೆ ಬಿದಿರಿನ ಗಾಳದ ಕೋಲನ್ನು ಒರಗಿಸಿಟ್ಟು ಒಳಗೆ ಬಂದುದನ್ನು ಕಂಡೆ. ಹೊರಗೆ ಹೋಗಿ ಅದನ್ನು ತಂದು, ಎಲ್ಲ ಮಕ್ಕಳೂ ನೋಡುತ್ತಿರುವಂತೆ ಮೊಳಕಾಲಿಗೆ ಒತ್ತಿ ಎರಡು ತುಂಡು ಮಾಡಿದೆ. ಹುಡುಗನು ಅಳಲಿಲ್ಲ, ತುಂಡುಗಳನ್ನು ಆಯ್ದುಕೊಂಡು ತನ್ನ ಸ್ಥಳಕ್ಕೆ ಹೋಗಿ ಕುಳಿತನು. ಆ ವರ್ಷ ಮುಗಿಯುವುದರೊಳಗೆ ಶಾಲೆಯನ್ನು ಬಿಟ್ಟನು. ಕಾಡಿನಲ್ಲಿ ಬಿಟ್ಟಿಯಾಗಿ ಸಿಕ್ಕುವ ಒಂದು ಕಡ್ಡಿ, ಅದು ಮುರಿದರೇನು ನಷ್ಟ ಎಂದು ನಾನಾಗ ಸಮಾಧಾನ ಮಾಡಿಕೊಂಡಿದ್ದೆ. ದಾರಿಯಲ್ಲಿ ಎದುರಾದಾಗಲೆಲ್ಲ ಅವನು ಕೈಮುಗಿಯುವನು; ನಾನು ಬೇಗಬೇಗ ನಡೆದುಬಿಡುವೆನು.

ಆದರೂ ಮೊಮ್ಮಗನ ಕೈಹಿಡಿದು ಹೋದೆ. “ಬನ್ನಿ ಮೇಷ್ಟ್ರೇ” ಎಂದು ಅವನು ಮಣೆಯನ್ನು ಒರಸಿ ಕೂರಿಸಿದನು. ಹುಡುಗನ ಫೋನಿನಲ್ಲಿದ್ದ ಕೋಲನ್ನು ನೋಡಿ ನಕ್ಕು, ಬೆಲೆಯ ಮಾತನ್ನೇ ಎತ್ತದೆ ನಾಲ್ಕು ಪ್ರಶ್ನೆ ಕೇಳಿದನು. ಹಿಡಿಯುವವರು ಯಾರು? ಯಾವ ನೀರು, ಯಾವ ಮೀನು? ಯಾವ ಕೋಲಿಗೆ ಯಾವ ರೀಲು, ಯಾವ ದಾರ? ಸಿಕ್ಕ ಮೀನನ್ನು ಏನು ಮಾಡುತ್ತೀರಿ? ನಾನು ಬೆರಗಾದೆ. ಶಾಸ್ತ್ರಗ್ರಂಥದ ಆರಂಭದಲ್ಲಿ ಹೇಳಬೇಕಾದ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವೇ ಅಲ್ಲವೆ ಇದು! ನನ್ನ ತರಗತಿಯನ್ನು ನಡುವೆಯೇ ತೊರೆದವನು ಅದನ್ನು ಕೆರೆಯ ದಂಡೆಯಲ್ಲಿ ಕಲಿತಿದ್ದನು.

ಮೊದಲು ಅಧಿಕಾರಿ. ಹದಿಮೂರು ವರ್ಷದ ಹುಡುಗ, ಹೊಸಬ. ಅವನಿಗೆ ಏಳು ಅಡಿಯ ಕೋಲು ಸಾಕು. ಸಮುದ್ರದ ದಂಡೆಯಲ್ಲಿ ಅಲೆಗಳಾಚೆ ಎಸೆಯುವವರಿಗೆ ಹತ್ತು ಹನ್ನೆರಡು ಅಡಿ ಬೇಕಾಗುವುದು. ಕೋಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಗಾಜಿನ ನಾರಿನವು, ಇಂಗಾಲದ ನಾರಿನವು. ಇಂಗಾಲದ ಕೋಲು ಹಗುರ. ಮೀನು ಎರೆಯನ್ನು ಮೂಸಿದರೂ ಕೈಗೆ ತಿಳಿಯುವಷ್ಟು ಸೂಕ್ಷ್ಮ. ಆದರೆ ಬೆಲೆ ಹೆಚ್ಚು. ಕಲ್ಲಿಗೆ ತಾಗಿ ಸಣ್ಣ ಪೆಟ್ಟಾದರೂ ಮುಂದೊಂದು ದಿನ ಅಲ್ಲಿಯೇ ಮುರಿಯುವುದು. ಮೇಲಾಗಿ ಅದು ವಿದ್ಯುತ್ತನ್ನು ಹರಿಸುವ ವಸ್ತು. ವಿದ್ಯುತ್ತಂತಿಯ ಕೆಳಗೆ ಅದನ್ನು ಎತ್ತುವುದು ಪ್ರಾಣಾಪಾಯ. ಮಳೆ ಗುಡುಗಿನ ವೇಳೆಯಲ್ಲಂತೂ ಯಾವ ಕೋಲನ್ನೂ ಹಿಡಿದು ನೀರಿನ ಬಳಿ ನಿಲ್ಲಕೂಡದು. ಗಾಜಿನ ನಾರಿನದು ಸ್ವಲ್ಪ ಭಾರ, ಸ್ವಲ್ಪ ಮಂದ. ಆದರೆ ಬಾಗಿ ಬಾಗಿ ಪೆಟ್ಟನ್ನು ಸಹಿಸುವುದು. “ಕಲಿಯೋ ಕೈಗೆ ಇದೇ ಸರಿ ಮೇಷ್ಟ್ರೇ. ಎತ್ತಿ ಹಾಕಿದರೂ ಕ್ಷಮಿಸ್ತದೆ” ಎಂದನು. ಕ್ಷಮಿಸುವುದು ಎಂಬ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಎರಡನೆಯದು ವಿಷಯ. ನಮ್ಮ ಕೆರೆಯಲ್ಲಿರುವುದು ಜಿಲೇಬಿ ಮೀನು, ಗೆಂಡೆ, ಕಾಟ್ಲಾ. ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಅಪ್ಪಣೆಯನ್ನು ಮೊದಲು ಪಡೆಯಬೇಕೆಂದು ಅವನೇ ಎಚ್ಚರಿಸಿದನು. ಇಂತಹ ನೀರಿಗೆ ಮಧ್ಯಮ ಬಲದ ಕೋಲು ತಕ್ಕುದು. ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಎಷ್ಟು ಗ್ರಾಂ ತೂಕ ಎಸೆಯಬಹುದು, ಎಷ್ಟು ಬಲದ ದಾರ ಒಪ್ಪುವುದು ಎಂದು ಬರೆದಿರುತ್ತಾರೆ. ಬಣ್ಣವನ್ನು ನೋಡುವ ಮುನ್ನ ಇದನ್ನು ಓದಬೇಕು. ತುದಿಯಲ್ಲಿ ಮಾತ್ರ ಬಾಗುವ ಕೋಲು ಚುರುಕು, ಹಿಡಿಯವರೆಗೂ ಬಾಗುವುದು ನಿಧಾನ. ಹೊಸಬನಿಗೆ ನಡುವಣದು ಲೇಸು. ಒಂದರೊಳಗೊಂದು ಸೇರುವ ದುರ್ಬೀನಿನಂತಹ ಕೋಲು ಚೀಲದಲ್ಲಿ ಹಿಡಿಸುವುದಾದರೂ ಅದರ ಸಂಧಿಗಳು ಬೇಗ ಸಡಿಲವಾಗುವುವು. ಎರಡು ತುಂಡಾಗಿ ಬಿಚ್ಚುವ ಕೋಲು ಬಸ್ಸಿನ ಪ್ರಯಾಣಕ್ಕೂ ಆದೀತು, ಬಾಳಿಕೆಯೂ ಬಂದೀತು. ದಾರ ಹಾಯುವ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿವೆಯೆ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಅವುಗಳ ಒಳಗೆ ಹತ್ತಿಯ ಎಳೆಯನ್ನು ಆಡಿಸಬೇಕು. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಅದು ದಾರವನ್ನು ಕೊಯ್ಯುವುದು.

ಬಳಿಕ ರೀಲು. 1905ರಲ್ಲಿ ಇಂಗ್ಲೆಂಡಿನಲ್ಲಿ ಬಟ್ಟೆ ಗಿರಣಿಯ ಮನೆತನಕ್ಕೆ ಸೇರಿದ ಆಲ್ಫ್ರೆಡ್ ಇಲಿಂಗ್‌ವರ್ತ್ ಎಂಬವನು ಇಂತಹ ರೀಲಿಗೆ ಹಕ್ಕುಪತ್ರ ಪಡೆದನು. ಗಿರಣಿಯ ಉರುಳೆಯ ತುದಿಯಿಂದ ನೂಲು ಸರಸರನೆ ಜಾರುವುದೇ ಅವನಿಗೆ ದಾರಿ ತೋರಿಸಿತಂತೆ. ಇದರಲ್ಲಿ ಎಸೆಯುವಾಗ ಉರುಳೆ ತಿರುಗುವುದಿಲ್ಲ. ದಾರವು ಅದರ ಮುಂತುದಿಯಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದು. ಹಿಡಿಯನ್ನು ತಿರುಗಿಸಿದಾಗ ತಂತಿಯ ಕಮಾನೊಂದು ಸುತ್ತುತ್ತ ದಾರವನ್ನು ಮರಳಿ ಸುತ್ತುವುದು. 5.2:1 ಎಂದು ಬರೆದಿದ್ದರೆ ಹಿಡಿಯ ಒಂದು ಸುತ್ತಿಗೆ ಕಮಾನು ಐದಕ್ಕಿಂತ ತುಸು ಹೆಚ್ಚು ಸುತ್ತು ಬರುವುದೆಂದು ಅರ್ಥ. ಮೊಮ್ಮಗನು “ಹನ್ನೆರಡು ಬೇರಿಂಗ್ ಇರೋದು ಬೇಕು” ಎಂದನು. “ಬೇರಿಂಗ್ ಎಣಿಸಬೇಡಪ್ಪ, ತಿರುಗಿಸಿ ನೋಡು” ಎಂದು ಅಂಗಡಿಯವನು ಎರಡು ರೀಲುಗಳನ್ನು ಅವನ ಕೈಗೆ ಕೊಟ್ಟನು. ಹನ್ನೆರಡರದು ಗರಗರ ಎಂದಿತು. ನಾಲ್ಕರದು ಮೆತ್ತಗೆ ತಿರುಗಿತು.

ಕೋಲಿನಲ್ಲಿ ಹಣ ಉಳಿಸಿ ರೀಲಿನಲ್ಲಿ ತೊಡಗಿಸಬೇಕೆಂಬುದು ಅವನ ಸಿದ್ಧಾಂತ. ಕೋಲಿನಲ್ಲಿ ಚಲಿಸುವ ಅಂಗವಿಲ್ಲ, ಸವೆಯುವುದೆಲ್ಲ ರೀಲಿನಲ್ಲಿಯೇ. ಅದರೊಳಗೂ ನೋಡಬೇಕಾದುದು ಡ್ರ್ಯಾಗ್ ಎಂದು ಕರೆಯುವ ಬಿಗಿತದ ತಿರುಪನ್ನು. ದೊಡ್ಡ ಮೀನು ಜಗ್ಗಿದಾಗ ದಾರವು ಕಡಿಯದೆ, ಆದರೆ ಬಿಗಿ ತಪ್ಪದೆ, ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುವಂತೆ ಮಾಡುವುದು ಇದೇ. ದಾರ ತಡೆಯುವ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದನ್ನು ಬಿಗಿಮಾಡಿದರೆ ಸಾಕು. ದಾರದ ತುದಿಯನ್ನು ತೂಗುತಕ್ಕಡಿಗೆ ಕಟ್ಟಿ ಎಳೆದು ಅಳೆಯಬಹುದು. ಪೂರ್ತಿ ಬಿಗಿಮಾಡಿದವನು ದಾರವನ್ನು ಕಳೆದುಕೊಳ್ಳುವನು, ಪೂರ್ತಿ ಸಡಿಲಿಸಿದವನು ಮೀನನ್ನು. ಉಪಾಧ್ಯಾಯರ ತರಬೇತಿಯಲ್ಲಿ ಇದನ್ನು ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಮೂರನೆಯದಾದ ಸಂಬಂಧವೆಂದರೆ ಈ ಅಂಗಗಳ ಹೊಂದಾಣಿಕೆ. ದೊಡ್ಡ ರೀಲನ್ನು ಸಣ್ಣ ಕೋಲಿಗೆ ತೊಡಿಸಿದರೆ ಮಣಿಕಟ್ಟು ನೋಯುವುದು. ರೀಲನ್ನು ಕೂರಿಸಿ ಹಿಡಿಯನ್ನು ಬೆರಳ ಮೇಲಿಟ್ಟರೆ ತಕ್ಕಡಿಯಂತೆ ನಿಲ್ಲಬೇಕು. ದಾರದಲ್ಲಿ ನೇಯ್ದುದು ತೆಳುವಾಗಿದ್ದೂ ಬಲವಾದುದು, ದುಬಾರಿ. ಒಂಟಿ ಎಳೆಯ ತಂಗೂಸಿ ಸುಲಭಬೆಲೆಯದು, ತುಸು ಹಿಗ್ಗುವುದರಿಂದ ಹೊಸಬನ ತಪ್ಪನ್ನು ಸೈರಿಸುವುದು. ಆದರೆ ಬಿಸಿಲಿಗೆ ಬಲಗುಂದುವುದರಿಂದ ಆಗಾಗ ಬದಲಿಸಬೇಕು. ಗಂಟು ಬಿಗಿಯುವಾಗ ಬಾಯಿಯಿಂದ ತೇವ ಮಾಡಬೇಕು. ಒಣಗಂಟು ಉಜ್ಜಿ ಕಾದು ದುರ್ಬಲವಾಗುವುದು.

ಕೊನೆಯದು ಪ್ರಯೋಜನ. ಹಿಡಿದು ಬಿಡುವುದೆಂದು ಹೇಳಿದೆ. ಅವನು ಸಣ್ಣ ಇಕ್ಕುಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಅದುಮಿ ತೋರಿಸಿದನು. ಹೀಗೆ ಮಾಡಿದರೆ ಕೊಕ್ಕೆ ಸುಲಭವಾಗಿ ಕಳಚುವುದು, ಗಾಯ ಚಿಕ್ಕದಾಗುವುದು. ಮೀನನ್ನು ಒದ್ದೆಗೈಯಿಂದಲೇ ಮುಟ್ಟಬೇಕು. ಒಣಗೈಗೆ ಅದರ ಮೈಯ ಲೋಳೆ ಅಂಟಿ ಬರುವುದು.

ಲೆಕ್ಕವಾಯಿತು: ಕೋಲು 950, ರೀಲು 1,400, ತಂಗೂಸಿ 250, ಕೊಕ್ಕೆ ಬೆಂಡು ಸೀಸದ ಗುಂಡುಗಳು 200, ಇಕ್ಕುಳ 150, ಒಟ್ಟು 2,950. ದಾರ ಸುತ್ತುವಾಗ ಯಾರಾದರೂ ಎಳೆಯನ್ನು ಬಿಗಿಯಾಗಿ ಹಿಡಿದಿರಬೇಕು, ಇಲ್ಲವಾದರೆ ಎಸೆಯುವಾಗ ಸಿಕ್ಕಾಗುವುದು. ನಾನು ಹಿಡಿದುಕೊಂಡೆ, ಅವನು ಸುತ್ತತೊಡಗಿದನು. ಸುಮ್ಮನಿರಲಾರದೆ, “ನೀನು ಹಿಡಿದ ಕೋಲುಗಳಲ್ಲೆಲ್ಲ ಉತ್ತಮವಾದುದು ಯಾವುದಪ್ಪ?” ಎಂದು ಕೇಳಿಬಿಟ್ಟೆ.

ಅವನು ಸುತ್ತುತ್ತಲೇ ಹೇಳಿದನು: “ನಮ್ಮಪ್ಪ ಮಾಡಿಕೊಟ್ಟದ್ದು ಮೇಷ್ಟ್ರೇ. ಬಿದಿರು ಕಡಿದು, ಒಂದು ಮಳೆಗಾಲ ಪೂರ್ತಿ ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು, ಗೆಣ್ಣು ಗೆಣ್ಣಿಗೂ ಕೆಂಡ ಹಿಡಿದು ನೆಟ್ಟಗೆ ಮಾಡಿದ್ದ. ಆಮೇಲೆ ಅವನು ಮಲಗಿಬಿಟ್ಟ. ಮನೆಗೆ ಸಾರು ಅಂತ ಆಗ್ತಿದ್ದದ್ದು ಅದರಿಂದಲೇ.”

ಯಾವ ಕೋಲೆಂದು ಅವನು ಹೇಳಲಿಲ್ಲ. ನಾನು ಕೇಳಬೇಕಾಗಿಯೂ ಇರಲಿಲ್ಲ. ನಲವತ್ತು ವರ್ಷ ಸಭೆಗಳಲ್ಲಿ ತಡೆಯಿಲ್ಲದೆ ಮಾತಾಡಿದ ನಾಲಗೆ ಒಣಗಿತು. “ತಪ್ಪು ಮಾಡಿದೆ ಕಣಪ್ಪ. ನೀನು ಯಾಕೆ ತಡವಾಗಿ ಬರ್ತೀಯ ಅಂತ ಒಂದು ಮಾತು ಕೇಳಲಿಲ್ಲ” ಎಂದೆ. ಕೈ ನಡುಗಿರಬೇಕು. ಅವನು ತಲೆಯೆತ್ತಿ ಒಂದು ಗಳಿಗೆ ನನ್ನನ್ನು ನೋಡಿದನು. “ದಾರ ಬಿಗಿಯಾಗಿ ಹಿಡ್ಕೊಳ್ಳಿ ಮೇಷ್ಟ್ರೇ, ಸಡಿಲ ಬಿಡಬೇಡಿ” ಎಂದು ಮತ್ತೆ ಸುತ್ತತೊಡಗಿದನು. ಉರುಳೆಯ ಅಂಚಿಗೆ ಎರಡು ಮಿಲಿಮೀಟರಿನಷ್ಟು ಉಳಿದಾಗ ನಿಲ್ಲಿಸಿ ದಾರವನ್ನು ಕತ್ತರಿಸಿದನು. ಅದು ಕ್ಷಮೆಯೋ ಅಲ್ಲವೋ ನಾನು ನಿರ್ಣಯಿಸಲಾರೆ. ಮರುದಿನ ಬೆಳಗ್ಗೆ ಆರು ಗಂಟೆಗೆ ಅಂಗಡಿ ತೆರೆಯುವ ಮುನ್ನ ಅವನೇ ಏರಿಗೆ ಬಂದು ಮೊಮ್ಮಗನಿಗೆ ಎಸೆಯುವುದನ್ನು ಕಲಿಸಿದನು.

ಎರಡು ದಿನ ಏನೂ ಸಿಕ್ಕಲಿಲ್ಲ. ಮೂರನೆಯ ದಿನ ಅಂಗೈಯಗಲದ ಜಿಲೇಬಿ ಮೀನೊಂದು ಸಿಕ್ಕಿತು. ಹುಡುಗನು ಕೈ ತೋಯಿಸಿಕೊಂಡು ಕೊಕ್ಕೆಯನ್ನು ಕಳಚಿ ಅದನ್ನು ನೀರಿಗೆ ಬಿಟ್ಟು, ಅದು ಹೋದ ದಿಕ್ಕನ್ನೇ ಬಹಳ ಹೊತ್ತು ನೋಡುತ್ತ ಕುಳಿತಿದ್ದನು. ಬಿಟ್ಟರೂ ಅದಕ್ಕೆ ನೋವಾಯಿತಲ್ಲವೆ ಎಂದು ಮನೆಯಾಕೆ ಕೇಳಿದುದಕ್ಕೆ ಅಜ್ಜನಲ್ಲಿಯೂ ಮೊಮ್ಮಗನಲ್ಲಿಯೂ ಉತ್ತರವಿರಲಿಲ್ಲ.

ಅಲ್ಪಧನರಾದ ವಾಚಕರು ಯಾರಾದರೂ ಮನೆಯ ಮಕ್ಕಳಿಗೆ ಇಂತಹ ಸಾಧನ ಕೊಳ್ಳುವುದಾದರೆ ಆ ನಾಲ್ಕು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಲಿ. ಬೆಲೆ ತಾನಾಗಿಯೇ ಕೈಗೆಟಕುವಷ್ಟು ಇಳಿಯುವುದು. ನನ್ನಂತೆ ಬೆತ್ತ ಹಿಡಿದವರಿಗೆ ಇನ್ನೊಂದು ಪ್ರಶ್ನೆಯುಂಟು. ಪರರ ಕೈಯಲ್ಲಿರುವ ಕಡ್ಡಿಯನ್ನು ಬಿಟ್ಟಿಯದೆಂದು ಬಗೆಯುವ ಮುನ್ನ, ಅದನ್ನು ಮಾಡಿಕೊಟ್ಟವರು ಯಾರೆಂದು ಕೇಳಿ ತಿಳಿಯಬೇಕು.