ಕೊಂಡಿ ಯಾವ ಎಳೆಗೆ?

ನಮ್ಮ ಕಾಕಾ ಇಳಕಲ್‌ನಲ್ಲಿ ಸೀರೆ ನೇಯ್ತಾರೆ. ನೂಲು ಮಾಲಕರದ್ದು, ದುಡಿಮೆ ಕಾಕಾಂದು. ಕೂಲಿ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಇರ್ತದೆ. ಅದರಲ್ಲಿ ಅಂಕಿ ತಿದ್ದಿದ್ದರೆ, ತಿದ್ದಿದವರು ಯಾರು ಅಂತ ಜಗಳ. ಬಾಗಲಕೋಟೆಯಲ್ಲಿ ನಾವು ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ದಾಗ ಕಾಕಾ ಫೋನಿನಲ್ಲಿ ಅಂದ್ರು: "ಲೆಕ್ಕ ನಾ ಮಾಡ್ಕೋತೀನಿ ತಮ್ಮಾ. ಯಾರ್ ತಿದ್ದ್ಯಾರ ಅನ್ನೋದಷ್ಟ ತೋರ್ಸು."

ಇದಕ್ಕೆ ಪೈಥಾನ್‌ನ ರ‍್ಯಾಪರ್ ಕ್ಲಾಸ್ ಸರಿಹೋಗ್ತದೆ. ಒಳಗೆ ಸೀರೆಯ ದಾಖಲೆ, ಬಾಗಿಲಲ್ಲಿ ಒಬ್ಬ ಕಾವಲುಗಾರ. ಕೂಲಿ ಎಷ್ಟು ಅಂತ ಕೇಳಿದರೂ, ಬದಲಿಸಿದರೂ ಅವನು ಮೊದಲು ಲಾಗ್ ಬರೀತಾನೆ, ಆಮೇಲೆ ಒಳಗಿನ ದಾಖಲೆ ಮುಟ್ತಾನೆ.

ಈ ಕಾವಲಿಗೆ ಮೂರು ಮೆಥಡ್ ಇವೆ. ಗೆಟ್‌ಆಟ್ರಿಬ್ಯೂಟ್ ಪ್ರತಿ ಸಲ ಓಡ್ತದೆ. ಗೆಟ್‌ಆಟ್ರ್ ಮಾಮೂಲಿ ಹುಡುಕಾಟದಲ್ಲಿ ಹೆಸರು ಸಿಗದಿದ್ದಾಗ ಮಾತ್ರ ಓಡ್ತದೆ. ಬೆಲೆ ಬದಲಿಸುವಾಗ ಓಡೋದು ಸೆಟ್‌ಆಟ್ರ್.

ತೊಡಕು ಎಲ್ಲಿ ಅಂದ್ರೆ, ಗೆಟ್‌ಆಟ್ರಿಬ್ಯೂಟ್ ಒಳಗೆ 'ಸೆಲ್ಫ್ ಡಾಟ್ ದಾಖಲೆ' ಅಂತ ಬರೆದರೆ ಅದೂ ಒಂದು ಆಟ್ರಿಬ್ಯೂಟ್ ಕೇಳಿದಂತೆಯೇ. ಕಾವಲುಗಾರ ತನ್ನನ್ನೇ ಕೇಳ್ತಾನೆ, ಮತ್ತೆ ಕೇಳ್ತಾನೆ. ಸೆಲ್ಫ್‌ನ ಡಿಕ್ಟ್‌ನಿಂದ ತೆಗೆದುಕೊಂಡರೂ ಇದೇ ಕತೆ. ಸೆಟ್‌ಆಟ್ರ್ ಒಳಗೆ ಸೆಲ್ಫ್‌ಗೆ ಏನಾದರೂ ಅಸೈನ್ ಮಾಡಿದರೂ ಅಷ್ಟೇ. ಲ್ಯಾಬಿನಲ್ಲಿ ಬೇಕಂತಲೇ ಹೀಗೆ ಬರೆದು ಓಡಿಸಿ ನೋಡಿದೆವು. ಡೀಫಾಲ್ಟ್ ಮಿತಿ 1000. ಅದು ಮುಟ್ಟಿದ ಕೂಡಲೇ ರಿಕರ್ಶನ್ ಎರರ್. ಮಿತಿ ಏರಿಸಿದರೆ ಬೀಳೋದು ತಡವಾಗ್ತದೆ, ತಪ್ಪೋದಿಲ್ಲ.

ಪರಿಹಾರ ಸರಳ. ಕಾವಲುಗಾರ ತನ್ನ ಸ್ವಂತದ್ದನ್ನು ತನ್ನ ಬಾಗಿಲಿನಿಂದ ಕೇಳಬಾರದು. ಓದಲು ಮೂಲ ಆಬ್ಜೆಕ್ಟ್ ಕ್ಲಾಸಿನ ಗೆಟ್‌ಆಟ್ರಿಬ್ಯೂಟ್, ಬರೆಯಲು ಅದರದೇ ಸೆಟ್‌ಆಟ್ರ್ ಕರೆಯಬೇಕು.

ರ‍್ಯಾಪರ್‌ಗೆ ತನ್ನದೇ 'ಕೂಲಿ' ಇಲ್ಲ, ಹಾಗಾಗಿ ಓದೋದಕ್ಕೆ ನಮಗೆ ಗೆಟ್‌ಆಟ್ರ್ ಸಾಕಾಯಿತು. ಆದರೆ ಅದೂ ಪೂರ್ತಿ ಸುರಕ್ಷಿತ ಅಲ್ಲ. ಕಾಪಿ ಅಥವಾ ಪಿಕಲ್ ಮಾಡಿದ್ದನ್ನು ಮತ್ತೆ ಕಟ್ಟುವಾಗ ಪೈಥಾನ್ ಇನಿಟ್ ಓಡಿಸೋದಿಲ್ಲ. ಒಳಗೆ 'ದಾಖಲೆ' ಇನ್ನೂ ಬಂದಿರೋದಿಲ್ಲ. ಅಷ್ಟರಲ್ಲಿ ಯಾವುದಾದರೂ ಹೆಸರು ಕೇಳಿದರೆ ಗೆಟ್‌ಆಟ್ರ್ 'ದಾಖಲೆ'ಯನ್ನು ಹುಡುಕ್ತದೆ. ಅದು ಸಿಗದೆ ಮತ್ತೆ ಗೆಟ್‌ಆಟ್ರ್‌ಗೇ ಬರ್ತದೆ. ಅದಕ್ಕೆ ಮೊದಲ ಸಾಲಿನಲ್ಲೇ, ಕೇಳಿದ ಹೆಸರು 'ದಾಖಲೆ' ಆಗಿದ್ದರೆ ತಕ್ಷಣ ಆಟ್ರಿಬ್ಯೂಟ್ ಎರರ್ ಕೊಟ್ಟುಬಿಡಬೇಕು.

ಇಂಗ್ಲಿಷಿನಲ್ಲಿ ಓದಿದಾಗ ಈ ಕೊನೆಯ ಮಾತು ತಲೆಗೆ ಹತ್ತಿರಲಿಲ್ಲ. ರಜೆಗೆ ಹುನಗುಂದ ದಾಟಿ ಇಳಕಲ್‌ಗೆ ಹೋದಾಗ ಕಾಕೂ ಕೊಂಡಿ ಹಾಕ್ತಿದ್ರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಯುವ ಮೊದಲೇ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸ್ತಾರೆ. "ಎದುರಿಗಿ ಎಳಿ ಇಲ್ದ ಕೊಂಡಿ ಹಾಕಿದ್ರ ಅದು ಗಂಟ ಆಗ್ತದ" ಅಂದ್ರು. ಗೆಟ್‌ಆಟ್ರ್‌ನದ್ದೂ ಇಷ್ಟೇ ನೋಡ್ರಿ. ಎದುರಿಗೆ ದಾಖಲೆ ಇರಬೇಕು, ಇಲ್ಲದಿದ್ದರೆ ಇಲ್ಲ ಅಂತ ಹೇಳಿ ನಿಲ್ಲಬೇಕು.

ಮಾಲಕರು ನಮ್ಮ ಲಾಗ್ ಒಪ್ತಾರೋ ಇಲ್ಲವೋ, ಅದು ಮುಂದಿನ ಮಾತು. ಆದರೆ ಲಾಗ್ ಬರೆಯುವವನೇ ತನ್ನನ್ನು ತಾನು ಕೇಳಿಕೊಳ್ತಾ ಬಿದ್ದುಹೋದರೆ, ಕಾಕಾನ ಕಡೆ ಸಾಕ್ಷಿ ಹೇಳೋಕೆ ಯಾರೂ ಉಳಿಯೋದಿಲ್ಲ.