ಈ ವಾರ ನಮ್ಮ ಪಾಳಿ

ಮೊದಲಿಗೇ ಹೇಳಿಬಿಡುತ್ತೇವೆ. ಈ ಬರಹದಲ್ಲಿ 'ನಾವು' ಅಂದರೆ ಗಂಡ ಹೆಂಡತಿ ಇಬ್ಬರೂ. ಇಬ್ಬರದೂ ಕೊಪ್ಪಳ ಜಿಲ್ಲೆ. ಒಬ್ಬಳು ನರ್ಸಿಂಗ್ ಓದಿದವಳು, ಒಬ್ಬ ಪತ್ರಿಕೋದ್ಯಮ ಓದಿ ಇದೇ ಬ್ಲಾಗಿಗೆ ಬರೆಯುತ್ತಿದ್ದವನು. ಜರ್ಮನಿಯ ಸ್ಟುಟ್‌ಗಾರ್ಟ್ ಊರಿಗೆ ಬಂದು ಒಂದೂವರೆ ವರ್ಷವಾಯಿತು. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಇಬ್ಬರೂ ಕೂತು, ಮಾತಾಡಿಕೊಂಡು ಬರೆದದ್ದು ಇದು.

"ಅಲ್ಲಿ ಹೆಂಗದೀರಿ? ಮನಿ ಸಿಕ್ತಾ? ಮಂದಿ ಮಾತಾಡ್ತಾರಾ?" ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಅಂದುಕೊಳ್ಳಿ.

ಮನೆ ಹುಡುಕುವ ಕಷ್ಟ ನಮಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಬೆಂಗಳೂರಲ್ಲಿ ಎರಡು ತಿಂಗಳು ಅಲೆದಿದ್ದೆವು. ಮೊದಲು "ವೆಜ್ಜಾ, ನಾನ್‌ವೆಜ್ಜಾ?" ಅನ್ನುತ್ತಿದ್ದರು. ಆಮೇಲೆ "ಯಾವ ಕಡೆಯವರು?" ಕೊನೆಗೆ "ಯಾವ ಜನ?" ಒಂದು ಕಡೆ ಅಡ್ವಾನ್ಸ್ ಕೊಟ್ಟು ಬಂದಿದ್ದೆವು. ಮೂರನೇ ದಿನ ಮನೆಯವರು ಕರೆದು, "ನಮ್ಮ ಮಗಳು ಊರಿಂದ ಬರ್ತಾಳೆ" ಅಂತ ದುಡ್ಡು ವಾಪಸ್ ಕೊಟ್ಟರು. ಮಗಳು ಬಂದಳೋ ಇಲ್ಲವೋ, ವಾರದೊಳಗೆ ಬೇರೆ ಬಾಡಿಗೆದಾರರಂತೂ ಬಂದಿದ್ದರು.

ಓದಿದರೆ, ದೊಡ್ಡ ಕೆಲಸ ಸಿಕ್ಕರೆ ಇದೆಲ್ಲ ಹೋಗುತ್ತದೆ ಅನ್ನುವವರಿಗೆ ಅಂಬೇಡ್ಕರರ ಬರೋಡಾ ಪ್ರಸಂಗ ನೆನಪಿಸಬೇಕು. 1917ರಲ್ಲಿ ಅಮೆರಿಕ, ಲಂಡನ್ ಎರಡೂ ಕಡೆ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರೂ ಅವರಿಗೆ ಆ ಊರಲ್ಲಿ ಇರಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಬರಹದಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಇಲ್ಲಿ ಯಾರೂ ಜಾತಿ ಕೇಳಲಿಲ್ಲ. ಹಾಗಂತ ಮನೆ ಸುಲಭವಾಗಿ ಸಿಗಲಿಲ್ಲ. ಮೊದಲ ಆರು ತಿಂಗಳು ಆಸ್ಪತ್ರೆಯವರೇ ಒಂದು ಕೋಣೆ ಕೊಟ್ಟಿದ್ದರು. ಆಮೇಲೆ ನಾವೇ ನೋಡಿಕೊಳ್ಳಬೇಕು. ಮೂರು ತಿಂಗಳ ಸಂಬಳದ ಚೀಟಿ, ಸಾಲ ಸರಿಯಾಗಿ ತೀರಿಸುವವರು ಅನ್ನುವ ಪತ್ರ, ನಮ್ಮ ಪರಿಚಯದ ಕಾಗದ, ಎಲ್ಲ ಜೋಡಿಸಿ ನಲವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದೆವು. ಬಹಳ ಕಡೆಯಿಂದ ಉತ್ತರವೇ ಇಲ್ಲ. ಫೋನಿನಲ್ಲಿ ನಮ್ಮ ಹೆಸರು ಕೇಳಿದ ಕೂಡಲೇ ಕೆಲವರ ದನಿ ಬದಲಾಗುತ್ತಿತ್ತು. ಆ ಬದಲಾವಣೆ ನಮಗೆ ಗುರುತಿತ್ತು. ಬೆಂಗಳೂರಲ್ಲಿ ಕೇಳಿದ್ದೆವಲ್ಲ.

ಕೊನೆಗೆ ಆಸ್ಪತ್ರೆಯ ಜೊತೆಗಾತಿಯೊಬ್ಬಳು ಹೇಳಿ ಒಂದು ಮನೆ ಕೊಡಿಸಿದಳು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಎರಡು ಕೋಣೆ. ಬೀಗದ ಕೈ ತೆಗೆದುಕೊಂಡು ಒಳಗೆ ಹೋದರೆ ಅಡುಗೆಮನೆಯಲ್ಲಿ ಕಟ್ಟೆ ಇಲ್ಲ, ಸಿಂಕ್ ಇಲ್ಲ, ಒಲೆ ಇಲ್ಲ. ಗೋಡೆಯಿಂದ ನಲ್ಲಿ ಪೈಪು ಮಾತ್ರ ಮೂತಿ ಚಾಚಿಕೊಂಡಿತ್ತು. ದೀಪದ ಜಾಗದಲ್ಲಿ ಎರಡು ವೈರು ತೂಗಾಡುತ್ತಿದ್ದವು. ಇಲ್ಲಿ ಬಹಳಷ್ಟು ಬಾಡಿಗೆ ಮನೆಗಳು ಹೀಗೇ. ಹಿಂದಿನವರು ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗುತ್ತಾರೆ. ಮೊದಲ ಎರಡು ವಾರ ನೆಲದ ಮೇಲೆ ಕರೆಂಟಿನ ಒಲೆ ಇಟ್ಟು, ಸ್ನಾನದ ಮನೆಯಲ್ಲಿ ಪಾತ್ರೆ ತೊಳೆದೆವು.

ಹೊಸ ಮನೆಗೆ ಬಂದ ಎರಡು ವಾರದೊಳಗೆ ಸರ್ಕಾರಿ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಕೆಳಗಿನ ಬಾಗಿಲ ಗಂಟೆಯ ಮೇಲೆ, ಟಪಾಲು ಪೆಟ್ಟಿಗೆಯ ಮೇಲೆ ಅಡ್ಡಹೆಸರು ಹಾಕಬೇಕು. ಹೆಸರಿಲ್ಲದಿದ್ದರೆ ಟಪಾಲು ವಾಪಸ್ ಹೋಗುತ್ತದೆ. ನಮ್ಮೂರಲ್ಲಿ ಆ ಅಡ್ಡಹೆಸರು ಹೇಳಿದರೆ ಸಾಕು, ಯಾವ ಓಣಿ, ಯಾವ ಜನ, ಎಲ್ಲಿ ಕೂಡಿಸಬೇಕು ಅನ್ನುವುದೆಲ್ಲ ಗೊತ್ತಾಗುತ್ತದೆ. ಬೆಂಗಳೂರಲ್ಲಿ ಅದನ್ನು ಒಂದೇ ಅಕ್ಷರಕ್ಕೆ ಇಳಿಸಿ ಇನಿಷಿಯಲ್ ಮಾಡಿಕೊಂಡಿದ್ದೆವು. ಬಾಗಿಲ ಮೇಲೆ ಪೂರ್ತಿಯಾಗಿ, ದೊಡ್ಡ ಅಕ್ಷರದಲ್ಲಿ ಬರೆದದ್ದು ಇದೇ ಮೊದಲು. ಬಂದುಹೋಗುವವರು ಅದನ್ನು ತಪ್ಪುತಪ್ಪಾಗಿ ಓದುತ್ತಾರೆ. ಅಷ್ಟೇ.

ಮನೆಯಾಯಿತು, ಮಂದಿ ಇರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಎಲ್ಲರೂ "ಗ್ರೂಸ್ ಗಾಟ್" ಅನ್ನುತ್ತಾರೆ, ಇದು ಈ ಕಡೆಯ ನಮಸ್ಕಾರ. ಅಷ್ಟಕ್ಕೆ ಮಾತು ಮುಗಿಯಿತು. ಬಾಗಿಲುಗಳೆಲ್ಲ ಸದಾ ಮುಚ್ಚಿರುತ್ತವೆ. ಭಾನುವಾರ ಅಂಗಡಿಗಳೂ ಬಂದ್. ಊರಲ್ಲಿ ಕಟ್ಟೆಗೆ ಕೂತರೆ ಹತ್ತು ನಿಮಿಷಕ್ಕೆ ನಾಲ್ಕು ಜನ ಕೂಡುತ್ತಾರೆ. ಇಲ್ಲಿ ಮೂರು ತಿಂಗಳು ನಾವಿಬ್ಬರೇ ಮಾತಾಡಿಕೊಂಡೆವು, ನಾವಿಬ್ಬರೇ ಜಗಳಾಡಿದೆವು. ಕೆಲಸವಿಲ್ಲದೆ, ಭಾಷೆ ಬಾರದೆ ಮನೆಯಲ್ಲಿದ್ದವನಿಗೆ ಕೆಲವು ದಿನ ಹಾಸಿಗೆಯಿಂದ ಏಳುವುದೇ ಬೇಡ ಅನಿಸುತ್ತಿತ್ತು. ವಾಪಸ್ ಹೋಗೋಣ ಅನ್ನುವ ಮಾತು ಎರಡು ಸಲ ಬಂತು.

ಮೊದಲ ಗೆಳೆತನ ಶುರುವಾದದ್ದು ಒಂದು ದೂರಿನಿಂದ.

ಇಂಡಿಯಾ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತ್ತು. ಮಧ್ಯಾಹ್ನದ ಪಾಳಿ ಮುಗಿಸಿ ಮನೆಗೆ ಬಂದಾಗ ರಾತ್ರಿ ಹತ್ತು ದಾಟಿತ್ತು. ಬಿಸಿ ರೊಟ್ಟಿ ತಿನ್ನಬೇಕು ಅಂತ ಇಬ್ಬರಿಗೂ ಆಸೆ. ಹೊಸದಾಗಿ ಹಾಕಿಸಿದ ಕಟ್ಟೆಯ ಮೇಲೆ ಪಟಪಟ ರೊಟ್ಟಿ ಬಡಿದೆವು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು ಅನ್ನುವ ನಿಯಮ ಗೊತ್ತಿತ್ತು. ರೊಟ್ಟಿ ಬಡಿಯುವುದೂ ಸದ್ದು ಅಂತ ಹೊಳೆದಿರಲಿಲ್ಲ. ಬೆಳಗ್ಗೆ ಬಾಗಿಲಿಗೆ ಚೀಟಿ ಅಂಟಿಸಿತ್ತು. ನಿಘಂಟು ಹಿಡಿದು ಓದಿದರೆ, 'ರಾತ್ರಿ ಹೊತ್ತು ದಯವಿಟ್ಟು ಸುತ್ತಿಗೆಯಿಂದ ಬಡಿಯಬೇಡಿ'.

ನಮಗೆ ಭಯ. ಮನೆ ಬಿಡಿಸಿಬಿಟ್ಟರೆ? ನಾಲ್ಕು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ಕಟ್ಟಿಕೊಂಡು ಕೆಳಗಿನ ಮನೆಯ ಗಂಟೆ ಒತ್ತಿದೆವು. ಎಂಬತ್ತು ದಾಟಿದ ಅಜ್ಜಿ. ಬಂದಷ್ಟು ಜರ್ಮನ್‌ನಲ್ಲಿ ಕ್ಷಮೆ ಕೇಳಿ, ಸುತ್ತಿಗೆ ಅಲ್ಲ ಕೈ ಅಂತ ತೋರಿಸಿದೆವು. ಅಂಗೈ ಮೇಲೆ ಅಂಗೈ ಬಡಿದು ತೋರಿಸಿದಾಗ ಅಜ್ಜಿ ನಕ್ಕರು. ಅವರೂ ಹಳ್ಳಿಯವರಂತೆ. ಅವರ ಊರಲ್ಲಿ ಇಡೀ ಊರಿಗೆ ಒಂದು ಬ್ರೆಡ್ ಸುಡುವ ಒಲೆಮನೆ ಇತ್ತು, ಮನೆಮನೆಗೂ ಪಾಳಿ ಇತ್ತು ಅಂತ ಹೇಳಿದರು. ರೊಟ್ಟಿ ಮುರಿದು ಬಾಯಿಗಿಟ್ಟು, ಚಟ್ನಿಯ ಖಾರಕ್ಕೆ ಕಣ್ಣೀರು ಹಾಕಿಕೊಂಡು, ನೀರು ಕುಡಿದು ಇನ್ನೊಂದು ತುಂಡು ಮುರಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮೂರಲ್ಲಿ ನಮ್ಮ ಮನೆಯ ರೊಟ್ಟಿಯನ್ನು ಓಣಿ ದಾಟಿ ಯಾರೂ ತಿಂದಿಲ್ಲ.

ಆಮೇಲಿನ ವಾರ ನಮ್ಮ ಬಾಗಿಲ ಹಿಡಿಕೆಗೆ ಒಂದು ಪುಟ್ಟ ಹಲಗೆ ತೂಗುಬಿದ್ದಿತ್ತು. ಅದರ ಮೇಲೆ 'ಕೇರ್‌ವೋಖೆ' ಅಂತಿತ್ತು. ಅಂದರೆ ಗುಡಿಸುವ ವಾರ. ಅಜ್ಜಿ ಮೇಲೆ ಹತ್ತಿ ಬಂದು ವಿವರಿಸಿದರು. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಕೆಲಸ. ವಾರ ಮುಗಿದ ಮೇಲೆ ಎದುರು ಮನೆಯ ಬಾಗಿಲಿಗೆ ಹಾಕಬೇಕು. ಅಂಗಳ, ಮುಂದಿನ ಫುಟ್‌ಪಾತ್ ಗುಡಿಸಲು ಇನ್ನೊಂದು ಪಾಳಿ, ಅದು ಇಡೀ ಕಟ್ಟಡವನ್ನು ಸುತ್ತುತ್ತದೆ. ಹಿಮ ಬಿದ್ದರೆ ಬೆಳಗ್ಗೆಯೇ ಎದ್ದು ತೆಗೆಯುವುದೂ ಅದರಲ್ಲೇ ಸೇರಿದೆ.

ಇದು ಈ ಸೀಮೆಯ ಹಳೆಯ ಪದ್ಧತಿ. 1492ರ ಸ್ಟುಟ್‌ಗಾರ್ಟ್ ಊರ ಕಾನೂನಿನಲ್ಲೇ ಪ್ರತಿಯೊಬ್ಬರೂ ವಾರಕ್ಕೊಮ್ಮೆ ತಮ್ಮ ಕೊಳೆಯನ್ನು ತಾವೇ ಸಾಗಿಸಬೇಕು ಅಂತಿತ್ತು. 1988ರಲ್ಲಿ ನಗರಾಡಳಿತ ಕಡ್ಡಾಯವನ್ನು ತೆಗೆದುಹಾಕಿದರೂ ಬಾಡಿಗೆ ಕರಾರುಗಳಲ್ಲಿ ಇದು ಉಳಿದುಕೊಂಡಿದೆ. ನಮ್ಮ ಕರಾರಿನಲ್ಲೂ ಇತ್ತು, ನಾವು ಓದಿರಲಿಲ್ಲ.

ಅಜ್ಜಿ ಹೇಳಿ ಹೋದ ಮೇಲೆ ನಾವಿಬ್ಬರೂ ಆ ಹಲಗೆಯನ್ನು ನೋಡುತ್ತ ಸುಮ್ಮನೆ ನಿಂತೆವು. ಅವ್ವ, ಅಂದರೆ ಗಂಡನ ತಾಯಿ, ಊರಲ್ಲಿ ಹತ್ತೊಂಬತ್ತು ವರ್ಷ ಪಂಚಾಯ್ತಿಯ ಕಸ ಗುಡಿಸಿದವಳು. ಸಂತೆ ಮೈದಾನ, ಬಸ್‌ಸ್ಟ್ಯಾಂಡು, ಗಟಾರು, ಜಾತ್ರೆ ಮುಗಿದ ಮರುದಿನ ಗುಡಿಯ ಹೊರಗಿನ ಬಯಲು. ಗುಡಿಯ ಒಳಗೆ ಅಲ್ಲ. ಆ ಕೆಲಸ ಊರಲ್ಲಿ ಯಾವತ್ತೂ ಪಾಳಿಯ ಪ್ರಕಾರ ಬಂದದ್ದಲ್ಲ. ಅವ್ವನ ಅತ್ತೆಗೆ ಇತ್ತು, ಅವ್ವನಿಗೆ ಬಂತು. ಮಗನಿಗೆ ಬರಬಾರದು ಅಂತ ಅವ್ವ ಹಾಸ್ಟೆಲ್ಲಿಗೆ ಹಾಕಿದಳು.

ಆ ಶನಿವಾರ ಕಸಬರಿಗೆ ಹಿಡಿದದ್ದು ಮಗನೇ. ವಿಡಿಯೋ ಕಾಲ್‌ನಲ್ಲಿ ಅವ್ವ ನೋಡಿಬಿಟ್ಟಳು.

"ಏನೋ ಅದು ಕೈಯಾಗ? ಇದನ್ನ ಬಿಡಸಾಕ ಅಲ್ಲೇನೋ ನಿನ್ನ ಓದಿಸಿದ್ದು? ಇಮಾನ ಹತ್ತಿ ಹೋಗಿ ಕಸಬರಿಗಿ ಹಿಡದ್ಯಾ?"

ಅವ್ವ ಅಳುತ್ತಿದ್ದಳು. ಎಷ್ಟು ಹೇಳಿದರೂ ಕೇಳಲಿಲ್ಲ, ಫೋನ್ ಇಟ್ಟಳು. ಎರಡು ದಿನ ಎತ್ತಲಿಲ್ಲ. ಮೂರನೇ ದಿನ ಸೊಸೆ ಮಾಡಿದಾಗ ಎತ್ತಿದಳು.

"ಅತ್ತಿ, ಸ್ವಲ್ಪ ನೋಡ್ರಿ" ಅಂತ ಸೊಸೆ ಹಲಗೆಯನ್ನು ತೋರಿಸಿದಳು. ಈಗ ಅದು ಎದುರು ಮನೆಯ ಬಾಗಿಲಲ್ಲಿತ್ತು.

"ಅವರ‍್ಯಾರು?"

"ಕಾರ್ ಫ್ಯಾಕ್ಟರಿ ಇಂಜಿನಿಯರ್ ರೀ. ಈ ವಾರ ಅವರ ಪಾಳಿ."

"ಅವರೇ ಕಸಾ ಹೊಡೀತಾರಾ? ಆಳಿಲ್ಲಾ?"

"ಇಲ್ಲ ರೀ ಅತ್ತಿ. ಅವರೇ."

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರು ಹೊಡಿಯೂ ಹೊತ್ತಿಗಿ ಫೋನ್ ಮಾಡು, ನಾ ನೋಡಬೇಕು" ಅಂದಳು. ಬೇರೆಯವರನ್ನು ಕೇಳದೆ ವಿಡಿಯೋದಲ್ಲಿ ತೋರಿಸುವುದು ಇಲ್ಲಿ ತಪ್ಪು. ಹಾಗಾಗಿ ಎದುರು ಮನೆಯವರನ್ನೇ ಕೇಳಿದೆವು. ಆ ಮನುಷ್ಯನಿಗೆ ಅರ್ಥವಾಗಲಿಲ್ಲ. ಅಮ್ಮ ಊರಲ್ಲಿ ಇದೇ ಕೆಲಸ ಮಾಡಿದವಳು, ನೋಡಬೇಕಂತೆ ಅಂದೆವು. ಅಷ್ಟು ಹೇಳಲು ನಮಗೆ ಬೇಕಾದ ಧೈರ್ಯ ಅವನಿಗೆ ಗೊತ್ತಿಲ್ಲ. ಅವನು ನಕ್ಕು, ಫೋನಿಗೆ ಕೈ ಬೀಸಿ, ಮೆಟ್ಟಿಲು ಗುಡಿಸಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನೋಡಿದಳು. ಕೊನೆಗೆ ಹೇಳಿದ್ದು ಇಷ್ಟೇ: "ಮೂಲಿ ಬಿಟ್ಟಾನ, ಹೇಳು ಅವಗ."

ಅಜ್ಜಿಯ ಜೊತೆ ಹೋಗಿ ಬರುವುದು ಹೆಚ್ಚಾಯಿತು. ನಾವು ಅವರ ಸಾಮಾನು ಮೇಲೆ ತಂದು ಕೊಡುತ್ತೇವೆ. ಅವರು ನಮ್ಮ ಸರ್ಕಾರಿ ಪತ್ರಗಳನ್ನು ಓದಿ ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಪ್ಲಮ್ ಹಣ್ಣಿನ ಕೇಕ್ ಮಾಡಿ ಕರೆದರು. ಆವತ್ತು ಒಂದು ಮಾತು ಕೇಳಿದರು, "ಇನ್ನು ಮುಂದೆ ನಾವು ನೀನು ಅನ್ನೋಣವೇ?"

ಜರ್ಮನ್‌ನಲ್ಲೂ ಕನ್ನಡದ ಹಾಗೆ ನೀನು, ನೀವು ಎರಡಿದೆ. ಪರಿಚಯ ಗಟ್ಟಿಯಾದ ಮೇಲೆ, ಹಿರಿಯರು ಕೇಳಿ, ಇಬ್ಬರೂ ಒಪ್ಪಿ 'ನೀನು'ಗೆ ಇಳಿಯುತ್ತಾರೆ. ನಮಗೆ ಗಂಟಲು ಕಟ್ಟಿತು. ಊರಲ್ಲಿ ನಮ್ಮಪ್ಪಂದಿರಿಗೆ ಹತ್ತು ವರ್ಷದ ಹುಡುಗರೂ ಏಕವಚನದಲ್ಲಿ ಕೂಗುತ್ತಿದ್ದರು. ಅಪ್ಪಂದಿರು ಆ ಹುಡುಗರಿಗೆ 'ಧಣಿ' ಅನ್ನಬೇಕಿತ್ತು. ಏಕವಚನಕ್ಕೆ ಒಪ್ಪಿಗೆ ಕೇಳಿದವರು ಇವರೇ ಮೊದಲು. ನಾವೂ ಅವರಿಗೆ ನೀನು ಅನ್ನಬೇಕಂತೆ. ಎಂಬತ್ತು ದಾಟಿದವರಿಗೆ ಹಾಗನ್ನಲು ಇವತ್ತಿಗೂ ನಾಲಿಗೆ ಹೊರಳುವುದಿಲ್ಲ. ತಡವರಿಸುತ್ತೇವೆ, ಅಜ್ಜಿ ತಿದ್ದುತ್ತಾರೆ.

ಕನ್ನಡದವರೂ ಸಿಕ್ಕರು. ಅಂಗಡಿಯಲ್ಲಿ ಕನ್ನಡ ಕೇಳಿ ಓಡಿಹೋಗಿ ಮಾತಾಡಿಸಿದ್ದೆವು. ಅವರ ಮನೆಗೆ ಊಟಕ್ಕೆ ಕರೆದರು. ಹತ್ತು ಜನ, ಹೋಳಿಗೆ ಊಟ, ನಮ್ಮ ಕಣ್ಣು ತುಂಬಿ ಬಂತು. ಊಟದ ನಡುವೆ ಒಬ್ಬರು "ಕೊಪ್ಪಳದಾಗ ಯಾವ ಓಣಿ? ಅಡ್ಡಹೆಸರೇನು?" ಅಂದರು. ಹೇಳಿದೆವು. ಮಾತು ಬೇರೆ ಕಡೆ ಹೊರಳಿತು. ಆಮೇಲೆ ಆ ಮನೆಯಿಂದ ಕರೆ ಬರಲಿಲ್ಲ. ನಾವು ಕರೆದಾಗ ಪ್ರತಿ ಸಲವೂ ಏನಾದರೊಂದು ಕೆಲಸವಿತ್ತು. ಆದರೆ ಆವತ್ತು ಅದೇ ಪಂಕ್ತಿಯಲ್ಲಿ ಕೂತಿದ್ದ ಮಂಡ್ಯದ ಜೋಡಿಯೊಂದು ಮರುವಾರ ತಾವಾಗಿ ನಮ್ಮ ಮನೆಗೆ ಬಂತು. "ಆವತ್ತು ಅವರು ಕೇಳಿದ್ದು ಸರಿಯಿರಲಿಲ್ಲ, ನಾವೂ ಸುಮ್ನೆ ಕೂತಿದ್ವಿ, ಅದೂ ಸರಿಯಿರಲಿಲ್ಲ" ಅಂದರು. ಈಗ ಹಬ್ಬಕ್ಕೆ ಅವರು ಇಲ್ಲಿ, ಇಲ್ಲವೇ ನಾವು ಅಲ್ಲಿ.

ಜರ್ಮನಿ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಟ್ರಾಮಿನಲ್ಲಿ ನಮ್ಮ ಪಕ್ಕದ ಸೀಟು ಖಾಲಿ ಬಿಟ್ಟು ನಿಲ್ಲುವವರಿದ್ದಾರೆ. ಆಸ್ಪತ್ರೆಯ ನೆಲ ಒರೆಸುವವರಲ್ಲಿ ಬಹಳ ಮಂದಿ ನಮ್ಮ ಹಾಗೆ ಬೇರೆ ದೇಶದಿಂದ ಬಂದವರೇ. ಗುಡಿಸುವ ವಾರವನ್ನು ದುಡ್ಡು ಕೊಟ್ಟು ಕಂಪನಿಗೆ ವಹಿಸುವ ಕಟ್ಟಡಗಳೂ ಹೆಚ್ಚುತ್ತಿವೆ. ಆದರೂ ನಮ್ಮ ಕಟ್ಟಡದಲ್ಲಿ ಹಲಗೆ ಸುತ್ತುತ್ತದೆ, ಯಾರ ಬಾಗಿಲನ್ನೂ ಬಿಡುವುದಿಲ್ಲ.

ನಿಮ್ಮ ಓಣಿಯಿಂದ ಯಾರಾದರೂ ನರ್ಸಿಂಗ್ ಓದಿ ಇತ್ತ ಬರುವ ಯೋಚನೆಯಲ್ಲಿದ್ದರೆ ನಾಲ್ಕು ಮಾತು. ಜರ್ಮನ್ ಭಾಷೆಯನ್ನು ಅಲ್ಲೇ ಚೆನ್ನಾಗಿ ಕಲಿತು ಬನ್ನಿ. ಜೊತೆಗೆ ಬರುವ ಗಂಡ ಅಥವಾ ಹೆಂಡತಿಯೂ ಕಲಿಯಲಿ, ಒಂಟಿತನ ಅವರಿಗೇ ಹೆಚ್ಚು. ಮನೆಗೆ ಅಡ್ವಾನ್ಸ್ ಅಂತ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು, ಇದು ಇಲ್ಲಿಯ ಕಾನೂನು. ಮನೆ ನೋಡುವ ಮೊದಲೇ ದುಡ್ಡು ಕೇಳಿದರೆ ಕಳಿಸಬೇಡಿ. ಮತ್ತೆ, ರೊಟ್ಟಿಯನ್ನು ಹತ್ತು ಗಂಟೆಯೊಳಗೆ ಬಡಿದುಕೊಳ್ಳಿ.

ಕಳೆದ ಭಾನುವಾರ ಅವ್ವ ಕೇಳಿದಳು, "ಆ ಹಲಗಿ ಎಷ್ಟಕ್ಕ ಸಿಗತೈತಿ? ಒಂದು ತಗೊಂಬಾ. ಪಂಚಾಯ್ತಿ ಅಧ್ಯಕ್ಷರ ಬಾಗಲಿಗಿ ತೂಗಹಾಕೂನು." ಹೇಳಿ ತಾನೇ ನಕ್ಕಳು. ಅಕ್ಟೋಬರಿನಲ್ಲಿ ಊರಿಗೆ ಬರುತ್ತಿದ್ದೇವೆ. ಒಂದು ಹಲಗೆ ಕೊಂಡಿಟ್ಟಿದ್ದೇವೆ. ಮೊದಲು ನಮ್ಮ ಮನೆಯ ಬಾಗಿಲಿಗೇ ಹಾಕುತ್ತೇವೆ. ಅಲ್ಲಿಂದ ಮುಂದಿನ ಬಾಗಿಲಿಗೆ ಯಾರು ಇಸಿದುಕೊಳ್ಳುತ್ತಾರೋ ನೋಡಬೇಕು.