ಬಿಗಿ, ಇಕ್ಕಟ್ಟು, ಸಂಕೋಚ

ನನ್ನ ಕಸುಬು ರಸಾಯನಶಾಸ್ತ್ರ, ಭಾಷಾಶಾಸ್ತ್ರವಲ್ಲ. ಆದ್ದರಿಂದ ಪಂಡಿತರು ಈ ಬರಹವನ್ನು ಮನ್ನಿಸಬೇಕು.

ಜರ್ಮನಿಗೆ ಬಂದ ಮೊದಲ ವಾರ ಪ್ರಯೋಗಶಾಲೆಯಲ್ಲಿ ಒಂದು ಸ್ಕ್ರೂ ಹಿಡಿದು ಇದ್ದ ಬಲವನ್ನೆಲ್ಲ ಹಾಕಿ ತಿರುಗಿಸುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ತಂತ್ರಜ್ಞರು "ನಾಖ್ ಫೆಸ್ಟ್ ಕೊಮ್ಟ್ ಆಪ್" ಎಂದರು. ಬಿಗಿಯಾದ ಮೇಲೂ ತಿರುಗಿಸಿದರೆ ಮುಂದೆ ಕಿತ್ತು ಬರುವುದೇ ಎಂದು ಅರ್ಥ. ಇಲ್ಲಿಯ ಕೆಲಸಗಾರರ ಬಾಯಲ್ಲಿ ಓಡಾಡುವ ಮಾತು. ಅವರು ಮಾತು ಮುಗಿಸುವುದರೊಳಗೆ ಸ್ಕ್ರೂವಿನ ತಲೆ ನನ್ನ ಕೈಗೆ ಬಂದಿತ್ತು!

ಅಂದಿನಿಂದ 'ಬಿಗಿ' ಎಂಬ ಪದದ ಮೇಲೆ ನನಗೊಂದು ಕಣ್ಣು. ನಮ್ಮಲ್ಲಿ ಅದಕ್ಕೆ ಎಷ್ಟು ಕೆಲಸ ನೋಡಿ. ಹಗ್ಗ ಬಿಗಿಯುತ್ತೇವೆ, ಕೆನ್ನೆಗೆ ಬಿಗಿಯುತ್ತೇವೆ, ಸಂಘದ ಸಭೆಯಲ್ಲಿ ಭಾಷಣವನ್ನೂ ಬಿಗಿಯುತ್ತೇವೆ. ಪೊಲೀಸ್ ಕಾವಲು ಬಿಗಿ, ತಿಂಗಳ ಕೊನೆಗೆ ಕೈ ಬಿಗಿ. ಮುಖ ಕೊಟ್ಟು ಮಾತಾಡದವರಿಗೆ ಬಿಗುಮಾನ. ಊರಿನಿಂದ ಹಿಂತಿರುಗುವ ದಿನ ಗಂಟಲು ಬಿಗಿಯುವುದು ನಮಗೆಲ್ಲ ಗೊತ್ತಿದ್ದದ್ದೇ.

ಜಾಗ ಸಾಲದಿದ್ದರೆ ಇಕ್ಕಟ್ಟು. ಬದುಕಿನಲ್ಲಿ ದಾರಿ ಕಾಣದಿದ್ದರೂ ಇಕ್ಕಟ್ಟೇ. ಸಂಸ್ಕೃತದಲ್ಲಿ 'ಸಂಕಟ' ಎಂದರೂ ಇಕ್ಕಟ್ಟಾದದ್ದು ಎಂಬ ಅರ್ಥವುಂಟು. ಸಂಕಟ ಬಂದಾಗ ವೆಂಕಟರಮಣ ಎನ್ನುವವರು ಅವನಲ್ಲಿ ಕೇಳುವುದು ಸ್ವಲ್ಪ ಜಾಗವನ್ನು ಎಂದಾಯಿತು. ಜರ್ಮನರೂ ಬೇರೆಯಲ್ಲ. ಅವರ 'ಎಂಗ್' ಎಂದರೆ ಇಕ್ಕಟ್ಟು, 'ಆಂಗ್ಸ್ಟ್' ಎಂದರೆ ಭಯ; ಎರಡಕ್ಕೂ ಬೇರು ಒಂದೇ. ವೈದ್ಯರ 'ಆಂಜೈನಾ' ಕೂಡ ಲ್ಯಾಟಿನ್ ಕಡೆಯಿಂದ ಅದೇ ಬಳಗ. ನಡೆಯುವಾಗ ಎದೆ ಹಿಸುಕಿದಂತಾಗಿ, ನಿಂತೊಡನೆ ಹೋಗುವ ನೋವಿಗೆ ಈ ಹೆಸರಿಟ್ಟವರು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್. ಅವರ ಬರಹ 1772ರಲ್ಲಿ ಅಚ್ಚಾಯಿತು.

ಇದೆಲ್ಲ ಈಗ ಹೇಳುತ್ತಿದ್ದೇನೆ. ಬೇಕಾದಾಗ ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ ಹಾಸನದಿಂದ ಅಪ್ಪ ಫೋನಿನಲ್ಲಿ ಮಳೆ, ಮಾವಿನಕಾಯಿ ಎಲ್ಲ ಮುಗಿಸಿ, "ಏನಿಲ್ಲ ಕಣಮ್ಮ, ಮೆಟ್ಟಿಲು ಹತ್ತಿದರೆ ಎದೆ ಬಿಗಿ ಹಿಡಿದ ಹಾಗಾಗುತ್ತೆ, ಕೂತರೆ ಸರಿಹೋಗುತ್ತೆ" ಎಂದರು. "ಗ್ಯಾಸ್ ಇರಬೇಕಪ್ಪ, ಜೀರಿಗೆ ನೀರು ಕುಡೀರಿ" ಎಂದುಬಿಟ್ಟೆ. ಹೆಬರ್ಡನ್ ಹೇಳಿದ್ದನ್ನೇ ಅಪ್ಪ ಕನ್ನಡದಲ್ಲಿ ಹೇಳಿದ್ದರು. ಡಾಕ್ಟರೇಟ್ ಪಡೆದ ಮಗಳಿಗೆ ಕೇಳಿಸಲಿಲ್ಲ. ಮೂರು ವಾರಕ್ಕೆ ಅಮ್ಮನ ಫೋನು ಬಂತು, ಆಸ್ಪತ್ರೆಯಿಂದ. ಹೃದಯದ ರಕ್ತನಾಳವೊಂದು ಕಿರಿದಾಗಿತ್ತು. ಸ್ಟೆಂಟ್ ಹಾಕಿದರು. ಅಪ್ಪ ಉಳಿದರು.

ಸಿಕ್ಕ ವಿಮಾನ ಹತ್ತಿ ಹೋದೆ. ಪಕ್ಕದಲ್ಲಿ ಕೂತು "ಆಮೇಲೆ ಯಾಕಪ್ಪ ಹೇಳಲಿಲ್ಲ?" ಎಂದು ಕೇಳಿದರೆ, "ಅಷ್ಟು ದೂರದಲ್ಲಿ ಇರೋಳು ನೀನು, ಸಂಕೋಚ ಆಯ್ತು" ಎಂದರು. ಸಂಕೋಚ! ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಹೃದಯದ ಸ್ನಾಯು ಕುಗ್ಗುವುದಕ್ಕೂ ಇದೇ ಪದ.

ಈಗ ಅಪ್ಪನ ಜೇಬಿನಲ್ಲಿ ನಾಲಗೆಯ ಕೆಳಗಿಡುವ ಮಾತ್ರೆ ಇರುತ್ತದೆ. ಆಲ್ಫ್ರೆಡ್ ನೊಬೆಲ್ ಡೈನಮೈಟಿಗೆ ಬಳಸಿದ ನೈಟ್ರೊಗ್ಲಿಸರಿನ್ನಿನ ದಾಯಾದಿ. ದೇಹದೊಳಗೆ ನೈಟ್ರಿಕ್ ಆಕ್ಸೈಡನ್ನು ಬಿಟ್ಟು ರಕ್ತನಾಳಗಳನ್ನು ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಕೆಲಸವನ್ನು ತಿಳಿಸಿಕೊಟ್ಟ ಮೂವರಿಗೆ 1998ರಲ್ಲಿ ಅದೇ ನೊಬೆಲರ ಹೆಸರಿನ ಬಹುಮಾನ ಬಂತು. ನಾಳಕ್ಕೇನೋ ಮಾತ್ರೆ ಉಂಟು. ಅಪ್ಪಂದಿರ ಸಂಕೋಚಕ್ಕೆ ಮಕ್ಕಳೇ ಬಾಯಿ ಬಿಟ್ಟು ಕೇಳಬೇಕು.

ಕನ್ನಡದಲ್ಲಿ 'ಕುಗ್ಗು' ಎಂದರೆ ಚಿಕ್ಕದಾಗುವುದೂ ಹೌದು, ಎದೆಗುಂದುವುದೂ ಹೌದು. 'ಹಿಗ್ಗು' ಎಂದರೆ ದೊಡ್ಡದಾಗುವುದೂ ಹೌದು, ಸಂತೋಷಪಡುವುದೂ ಹೌದು. ಕಳೆದ ಭಾನುವಾರ "ಎದೆ ಹೇಗಿದೆಯಪ್ಪ?" ಎಂದು ನೇರವಾಗಿಯೇ ಕೇಳಿದೆ. "ನೀನು ಕೇಳಿದ್ದಕ್ಕೇ ಹಿಗ್ಗಿತು ಬಿಡು" ಎಂದು ನಕ್ಕರು.

ಓದುಗ ಮಿತ್ರರೇ, ಈ ವಾರ ಊರಿಗೆ ಫೋನು ಮಾಡಿದಾಗ ನೀವೂ ಕೇಳಿ. "ಏನಿಲ್ಲ" ಎಂದ ಮೇಲೆ ಅವರು ಏನು ಹೇಳುತ್ತಾರೆ ಎಂಬುದನ್ನು ಗಮನವಿಟ್ಟು ಕೇಳಿ.